ಕಡಲಿಗಿಳಿಯದವರ ಕಡಲ ವರದಿ

(ಸಾಗರದ ಓದುಗರ ಕೂಟವೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ.)



ಇಲ್ಲಿ ಕುಳಿತವರಲ್ಲಿ ಹೆಚ್ಚಿನವರು ನಾನು ಹುಟ್ಟುವ ಮೊದಲೇ ರೇಡಿಯೋ ಕೇಳಿದವರು. ನಿಮ್ಮ ಮುಂದೆ ರೇಡಿಯೋ ಕುರಿತು ಮಾತಾಡುವುದೆಂದರೆ ಕೊನೆಗೌಡನಿಗೆ ಮರ ಹತ್ತುವುದನ್ನು ಕಲಿಸಲು ಹೊರಟ ಹಾಗೆ. ಆದ್ದರಿಂದ ಸ್ವಲ್ಪ ಜಾಣತನ ಮಾಡಿ, ನೀವು ಅಷ್ಟಾಗಿ ಕೇಳಿರದ ರೇಡಿಯೋ ಒಂದನ್ನು ಆರಿಸಿಕೊಂಡಿದ್ದೇನೆ. ಅದು ಬ್ರಿಟನ್ನಿನ ಬಿಬಿಸಿ ರೇಡಿಯೋ 4. ಜಾಹೀರಾತಿಲ್ಲ, ಹಾಡು ಅಪರೂಪ. ಬೆಳಗಿನ ಜಾವದಿಂದ ನಡುರಾತ್ರಿ ದಾಟುವವರೆಗೆ ಮಾತು, ಮಾತು, ಮಾತು. ಕಳೆದ ಚಳಿಗಾಲದಲ್ಲಿ ನನ್ನ ವಾರದ ರಜೆಯ ಒಂದು ದಿನವನ್ನು ಪೂರ್ತಿ ಅದಕ್ಕೇ ಕೊಟ್ಟು, ಮೊಬೈಲಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕುಳಿತಿದ್ದೆ. ಅದಕ್ಕೆ ಕಾರಣ ನಮ್ಮ ಅಜ್ಜ.

ಅಜ್ಜ ಇದೇ ತಾಲ್ಲೂಕಿನವರು. ಊರಿನ ಹೆಸರೇನೋ ಸಾಗರ. ಆದರೆ ಒಮ್ಮೆ ಗೋಕರ್ಣಕ್ಕೆ ಹೋಗಿಬಂದದ್ದು ಬಿಟ್ಟರೆ ಅವರಿಗೂ ಸಮುದ್ರಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆದರೂ ಮಳೆಗಾಲದಲ್ಲಿ ಪ್ರದೇಶ ಸಮಾಚಾರದ ಕೊನೆಗೆ ಹವಾಮಾನ ವರದಿ ಬಂದು, ಕರಾವಳಿಯ ಮೀನುಗಾರರು ಕಡಲಿಗೆ ಇಳಿಯಬಾರದೆಂಬ ಎಚ್ಚರಿಕೆ ಶುರುವಾಯಿತೆಂದರೆ ಮನೆಯಲ್ಲಿ ಯಾರೂ ಉಸಿರೆತ್ತುವಂತಿರಲಿಲ್ಲ. "ತಡಿಯೋ, ಮೀನುಗಾರ್ರದ್ದು ಬಂತು" ಅನ್ನುವರು. ಅಡಕೆ ತೋಟದವರ ಮನೆಯಲ್ಲಿ ಮೀನುಗಾರರ ಸುದ್ದಿಗೇಕೆ ಇಷ್ಟು ಮರ್ಯಾದೆ ಎಂದು ಚಿಕ್ಕವನಿದ್ದಾಗ ನನಗೆ ಸೋಜಿಗ. ಆಮೇಲೆ ತಿಳಿಯಿತು. ಕಡಲಲ್ಲಿ ಗಾಳಿ ಎದ್ದರೆ ಘಟ್ಟದ ಮೇಲೆ ಮಳೆ ಹಿಡಿಯುತ್ತದೆ. ಮಳೆ ಹಿಡಿದರೆ ಕೊಳೆರೋಗಕ್ಕೆ ಎರಡನೇ ಔಷಧಿ ಹೊಡೆಯಲು ಆಗುವುದಿಲ್ಲ. ಬೋರ್ಡೊ ದ್ರಾವಣಕ್ಕೆ ಸುಣ್ಣ, ಮೈಲುತುತ್ತ ಕರಗಿಸಬೇಕೋ ಬೇಡವೋ, ನಾಳೆ ಕೊನೆಗೌಡನಿಗೆ ಬರಹೇಳಬೇಕೋ ಬೇಡವೋ, ಎಲ್ಲವೂ ಆ ಮೀನುಗಾರರ ಎಚ್ಚರಿಕೆಯ ಮೇಲೆ ನಿಂತಿತ್ತು. ಯಾರಿಗೋ ಹೇಳಿದ ಮಾತನ್ನು ಅಜ್ಜ ಪಕ್ಕದಲ್ಲಿ ನಿಂತು ಕೇಳಿಸಿಕೊಂಡು ತಮ್ಮ ಕೆಲಸಕ್ಕೆ ಬಳಸಿಕೊಳ್ಳುತ್ತಿದ್ದರು.

ರೇಡಿಯೋ 4ರ ದಿನದಲ್ಲಿ ಅತ್ಯಂತ ಹೆಸರಾದದ್ದೂ ಇಂಥದೇ ಒಂದು ಎಚ್ಚರಿಕೆ. ಅದರ ಹೆಸರು 'ಶಿಪ್ಪಿಂಗ್ ಫೋರ್‌ಕಾಸ್ಟ್', ಹಡಗುಗಳಿಗೆ ಹವಾಮಾನ ಮುನ್ಸೂಚನೆ. ಬ್ರಿಟನ್ನಿನ ಸುತ್ತಣ ಕಡಲನ್ನು 31 ಭಾಗಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಹೆಸರಿಟ್ಟಿದ್ದಾರೆ. ವೈಕಿಂಗ್‌ನಿಂದ ಶುರುಮಾಡಿ ಫೋರ್ಟೀಸ್, ಕ್ರೊಮಾರ್ಟಿ, ಫೋರ್ತ್, ಟೈನ್, ಡಾಗರ್ ಎಂದು ಪ್ರದಕ್ಷಿಣೆ ಹಾಕಿದ ಹಾಗೆ ದ್ವೀಪವನ್ನು ಸುತ್ತಿ, ಆಗ್ನೇಯ ಐಸ್‌ಲೆಂಡಿಗೆ ಬಂದು ಮುಗಿಯುತ್ತದೆ. ಗಾಳಿಯ ದಿಕ್ಕು, ಬಲ, ಮಳೆ, ಕಣ್ಣಿಗೆ ಕಾಣುವ ದೂರ, ಇಷ್ಟೇ ವಿಷಯ. ಎಲ್ಲವನ್ನೂ ಸುಮಾರು 350 ಪದಗಳಲ್ಲಿ ಮುಗಿಸಬೇಕು. ನಡುರಾತ್ರಿಯದಕ್ಕೆ ಮಾತ್ರ ತುಸು ಹೆಚ್ಚು ಅವಕಾಶ. ಹಾಗಾಗಿ ವಾಕ್ಯಗಳೇ ಇಲ್ಲ. ಪದದ ಮೇಲೆ ಪದ ಇಟ್ಟು, ಕಲ್ಲು ಕಟ್ಟಿದ ಹಾಗೆ ಓದುತ್ತಾರೆ.

ಸ್ವಾರಸ್ಯವೆಂದರೆ, ಅಲ್ಲಿ ಒಂದೊಂದು ಪದಕ್ಕೂ ಅಳತೆ ಇದೆ. ಬಿರುಗಾಳಿ 'ಇನ್ನೇನು' ಬರುತ್ತದೆ ಎಂದರೆ ಆರು ಗಂಟೆಯೊಳಗೆ. 'ಬೇಗ' ಎಂದರೆ ಆರರಿಂದ ಹನ್ನೆರಡು ಗಂಟೆ. 'ಆಮೇಲೆ' ಎಂದರೆ ಹನ್ನೆರಡು ಗಂಟೆ ಕಳೆದು, ಇಪ್ಪತ್ನಾಲ್ಕರೊಳಗೆ. ದೂರದ ನೋಟ 'ಚೆನ್ನಾಗಿದೆ' ಎಂದರೆ ಐದು ನಾಟಿಕಲ್ ಮೈಲಿಗಿಂತ ಹೆಚ್ಚು. 'ತೀರಾ ಕಡಿಮೆ' ಎಂದರೆ ಒಂದು ಸಾವಿರ ಮೀಟರಿಗಿಂತ ಕಡಿಮೆ. ಕೇಳುವವನ ಪ್ರಾಣ ಆ ಪದದಲ್ಲಿದೆ, ಆದ್ದರಿಂದ ಓದುವವರು ಮನಸ್ಸಿಗೆ ಬಂದ ಪದ ಬಳಸುವಂತಿಲ್ಲ. ನಮ್ಮ ಸರ್ಕಾರಿ ಕಚೇರಿಗಳಲ್ಲಿ 'ಆಮೇಲೆ ಬನ್ನಿ' ಎಂದರೆ ಎಷ್ಟು ಗಂಟೆ ಎಂದು ಯಾರೂ ಎಲ್ಲಿಯೂ ಬರೆದಿಟ್ಟಂತಿಲ್ಲ.

ಇದರ ಹಿಂದೆ ಒಂದು ನೋವಿನ ಕಥೆಯೂ ಇದೆ. 1859ರ ಅಕ್ಟೋಬರಿನಲ್ಲಿ 'ರಾಯಲ್ ಚಾರ್ಟರ್' ಎಂಬ ಹಡಗು ವೇಲ್ಸಿನ ಆಂಗ್ಲಸಿ ದ್ವೀಪದ ದಡದಲ್ಲೇ ಬಿರುಗಾಳಿಗೆ ಸಿಕ್ಕಿ ಒಡೆಯಿತು. ನಾನೂರಕ್ಕೂ ಹೆಚ್ಚು ಜನ ಸತ್ತರು. ಆಗ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದವರು ರಾಬರ್ಟ್ ಫಿಟ್ಜ್‌ರಾಯ್. ಡಾರ್ವಿನ್ ಲೋಕ ಸುತ್ತಿದ 'ಬೀಗಲ್' ಹಡಗಿನ ಕ್ಯಾಪ್ಟನ್ ಇವರೇ. ಗಾಳಿಯ ಸುದ್ದಿಯನ್ನು ತಂತಿಯಲ್ಲಿ ಗಾಳಿಗಿಂತ ಮುಂಚೆ ಮುಟ್ಟಿಸಬಹುದಲ್ಲ ಎಂದು ಅವರಿಗೆ ಹೊಳೆಯಿತು. 1861ರಿಂದ ಬಂದರುಗಳಿಗೆ ಎಚ್ಚರಿಕೆ ಕಳಿಸತೊಡಗಿದರು. ಲೆಕ್ಕ ತಪ್ಪಿದಾಗಲೆಲ್ಲ ಗೇಲಿಯೂ ಆಯಿತು. 1865ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಅಲ್ಲಿಂದ 137 ವರ್ಷ ಕಳೆದ ಮೇಲೆ, 2002ರಲ್ಲಿ, ಫಿನಿಸ್ಟೆರ್ ಎಂದಿದ್ದ ಕಡಲ ಭಾಗಕ್ಕೆ ಫಿಟ್ಜ್‌ರಾಯ್ ಎಂದು ಹೆಸರಿಟ್ಟರು. 31 ಹೆಸರುಗಳಲ್ಲಿ ವ್ಯಕ್ತಿಯೊಬ್ಬನ ಹೆಸರು ಅದೊಂದೇ. 2025ರಲ್ಲಿ ಬಿಬಿಸಿ ಈ ವರದಿಗೆ ನೂರು ತುಂಬಿದ ಸಂಭ್ರಮ ಆಚರಿಸಿತು.

ಈಗ ದಿನಕ್ಕೆ ಬರೋಣ. ಚಳಿಗಾಲದಲ್ಲಿ ಅವರ ಗಡಿಯಾರ ನಮಗಿಂತ ಐದೂವರೆ ಗಂಟೆ ಹಿಂದೆ. ಅಲ್ಲಿ ಬೆಳಗಿನ ಐದೂವರೆ ಎಂದರೆ ನಮಗೆ ಹನ್ನೊಂದು; ನಾನು ಎರಡನೇ ಕಾಫಿ ಮುಗಿಸಿದ್ದೆ. ಮೊದಲು ಕಡಲ ವರದಿ, ಅದಾದ ಮೇಲೆ 5.45ಕ್ಕೆ ರೈತರ ಕಾರ್ಯಕ್ರಮ. ಕತ್ತಲಲ್ಲಿ ಎದ್ದವರು ಯಾರು? ದೋಣಿಯವರು ಮತ್ತು ಹಾಲು ಕರೆಯುವವರು. ದೇಶದ ರೇಡಿಯೋ ತನ್ನ ದಿನವನ್ನು ಮಂತ್ರಿಗಳಿಂದ ಶುರುಮಾಡುವುದಿಲ್ಲ, ಇವರಿಂದ ಶುರುಮಾಡುತ್ತದೆ ಎಂಬುದು ನನಗೆ ಹಿಡಿಸಿತು.

ಆರಕ್ಕೆ 'ಟುಡೇ'. 1957ರ ಅಕ್ಟೋಬರಿನಲ್ಲಿ ಹುಟ್ಟಿದ ಈ ಸುದ್ದಿ ಕಾರ್ಯಕ್ರಮದಲ್ಲಿ ಮಂತ್ರಿಗಳನ್ನು ಕರೆಸಿ ಬೆವರಿಳಿಸುತ್ತಾರೆ. ಆದರೆ ಶುರುವಿನಲ್ಲಿ ಅದು ಬಹಳ ಸಾಧುವಾಗಿತ್ತು. ಆಗಿನ ನಿರೂಪಕ ಜ್ಯಾಕ್ ಡಿ ಮಾನಿಯೊ ಹೆಸರಾಗಿದ್ದೇ ಸಮಯವನ್ನು ತಪ್ಪು ಹೇಳುವುದಕ್ಕೆ. ಜನ ಅದನ್ನು ಕೇಳಿ ನಗುತ್ತಾ ಬಸ್ಸು ಹಿಡಿಯುತ್ತಿದ್ದರೇನೋ. ಸಮಯದ ಮಾತು ಬಂತು. ಗಂಟೆಗೆ ಸರಿಯಾಗಿ ಆರು ಸಲ 'ಪಿಪ್' ಎಂದು ಕೇಳುವ ಗ್ರೀನಿಚ್ ಸಂಕೇತ 1924ರ ಫೆಬ್ರುವರಿಯಿಂದ ಇದೆ. ಕೊನೆಯ ಪಿಪ್ ಉದ್ದ. ಅಲ್ಲಿನವರಿಗೆ ಅದು ಹೇಗೋ ನಮಗೆ ಬೆಳಗಿನ 6.55ರ ಸಂಸ್ಕೃತ ವಾರ್ತೆ ಹಾಗೆ. 'ಇಯಮ್ ಆಕಾಶವಾಣೀ' ಎಂದು ಕೇಳಿದರೆ ಹಂಡೆಯ ಬಳಿ ಓಡಬೇಕು, ಇಲ್ಲದಿದ್ದರೆ ಶಾಲೆಯ ಬಸ್ಸು ತಪ್ಪಿತು. ವಾರ್ತೆಯಲ್ಲಿ ಏನು ಹೇಳಿದರೆಂದು ನನಗೆ ಒಂದು ದಿನವೂ ಗೊತ್ತಾಗಲಿಲ್ಲ.

ಸುದ್ದಿ ಓದುವವರ ಬಗ್ಗೆ ಎರಡು ಮಾತು. 1941ರಲ್ಲಿ, ರೇಡಿಯೋ 4 ಇನ್ನೂ 'ಹೋಮ್ ಸರ್ವಿಸ್' ಆಗಿದ್ದ ಕಾಲದಲ್ಲಿ, ವಿಲ್ಫ್ರೆಡ್ ಪಿಕಲ್ಸ್ ಎಂಬ ಯಾರ್ಕ್‌ಶೈರಿನವರು ತಮ್ಮ ಸೀಮೆಯ ಧಾಟಿಯಲ್ಲೇ ವಾರ್ತೆ ಓದಿದರು. ವಾರ್ತೆ ಎಂದರೆ ಹೀಗೇ ಇರಬೇಕೆಂದು ನಂಬಿದ್ದವರಿಗೆ ಅದು ಸಿಡಿಲು ಬಡಿದ ಹಾಗಾಯಿತು. ಸಾಗರದ ಮಾತಿನಲ್ಲೋ ಕಲಬುರ್ಗಿಯ ಮಾತಿನಲ್ಲೋ ಕನ್ನಡ ವಾರ್ತೆ ಓದಿದರೆ ನಾವು ಏನನ್ನುತ್ತೇವೆ? ಯೋಚಿಸಿ ನೋಡಿ. ಇನ್ನೊಂದು, 2008ರ ಮಾರ್ಚಿನದು. 1860ರಲ್ಲಿ ಮಸಿಕಾಗದದ ಮೇಲೆ ಹಿಡಿದಿಟ್ಟ ಮನುಷ್ಯ ಧ್ವನಿಯೊಂದನ್ನು ವಿಜ್ಞಾನಿಗಳು ಮತ್ತೆ ಕೇಳುವಂತೆ ಮಾಡಿದ್ದರು. ಅದನ್ನು 'ಟುಡೇ'ಯಲ್ಲಿ ಹಾಕಿದರು. ಸ್ಟುಡಿಯೋದಲ್ಲಿ ಯಾರೋ ಅದು ಸೀಸೆಯೊಳಗಿನ ಜೇನುನೊಣದ ಹಾಗಿದೆ ಎಂದುಬಿಟ್ಟರು. ವಾರ್ತೆ ಓದುತ್ತಿದ್ದ ಷಾರ್ಲೆಟ್ ಗ್ರೀನ್‌ಗೆ ನಗು ತಡೆಯಲಾಗಲಿಲ್ಲ, ಮುಂದಿನ ಸುದ್ದಿ ಒಬ್ಬ ಚಿತ್ರಕಥೆಗಾರರ ಸಾವಿನದು. ಓದಲು ಹೋದಷ್ಟೂ ನಗು. ಬಿಬಿಸಿಯಂಥ ಬಿಬಿಸಿಯಲ್ಲಿ! ಕೇಳುಗರು ಅವರನ್ನು ಬೈಯಲಿಲ್ಲ, ಇನ್ನಷ್ಟು ಪ್ರೀತಿಸಿದರು.

ಬೆಳಗಿನ ಸುದ್ದಿಯ ಗದ್ದಲ ಮುಗಿದ ಮೇಲೆ ಬರುವ ಹೊತ್ತು ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಮೆಲ್ವಿನ್ ಬ್ರಾಗ್ 1998ರಿಂದ 2025ರವರೆಗೆ ನಡೆಸಿದ 'ಇನ್ ಅವರ್ ಟೈಮ್' ಈ ಹೊತ್ತಿನ ಹೆಸರಾಂತ ಕಾರ್ಯಕ್ರಮ. ಮೂವರು ಪ್ರಾಧ್ಯಾಪಕರು, ಒಂದು ವಿಷಯ, ಮುಕ್ಕಾಲು ಗಂಟೆ. ಒಂದು ವಾರ ಕಪ್ಪು ರಂಧ್ರ, ಇನ್ನೊಂದು ವಾರ ಗ್ರೀಕ್ ನಾಟಕ. ಪ್ರಾಧ್ಯಾಪಕರು ದಾರಿ ತಪ್ಪಿದರೆ ಬ್ರಾಗ್ ಮುಲಾಜಿಲ್ಲದೆ ತಡೆಯುತ್ತಿದ್ದರು. ನಮ್ಮ ವಿಚಾರ ಸಂಕಿರಣಗಳಿಗೂ ಅಂಥ ಒಬ್ಬರು ಬೇಕಿತ್ತು. ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಾ ಇದನ್ನು ಕೇಳುವ ಜನ ಇದ್ದಾರಲ್ಲ, ಅವರ್ಯಾರೂ ಕಪ್ಪು ರಂಧ್ರ ಬೇಕೆಂದು ಕೇಳಿಕೊಂಡವರಲ್ಲ. ಅದು ಬಂತು, ಕಿವಿಗೆ ಬಿತ್ತು.

ಮಹಿಳೆಯರ ಕಾರ್ಯಕ್ರಮ 'ವುಮನ್ಸ್ ಅವರ್' 1946ರ ಅಕ್ಟೋಬರಿನಲ್ಲಿ ಶುರುವಾದದ್ದು. ಅದರ ಮೊದಲ ನಿರೂಪಕ ಗಂಡಸು! ಅಲನ್ ಐವಿಮಿ ಅಂತ. ಹೆಂಗಸರಿಗೆ ಏನು ಬೇಕೆಂದು ಗಂಡಸರೇ ಹೇಳುವ ರೋಗ ನಮ್ಮಲ್ಲಿ ಮಾತ್ರ ಇಲ್ಲ ಎಂದು ಸಮಾಧಾನಪಟ್ಟೆ. ಆದರೆ ಅದೇ ಕಾರ್ಯಕ್ರಮ 1940ರ ದಶಕದ ಕೊನೆಯಲ್ಲೇ ಮುಟ್ಟು ನಿಲ್ಲುವ ವಯಸ್ಸಿನ ತೊಂದರೆಗಳನ್ನು ಮೈಕಿನ ಮುಂದೆ ಮಾತಾಡಿತು. ಬಿಬಿಸಿಯ ದೊಡ್ಡವರಿಗೆ ಮುಜುಗರವಾಯಿತು. ಮನೆಯ ಗಂಡಸರ ಕಿವಿಗೂ ಅದು ಬಿದ್ದಿರಬೇಕು. ರೇಡಿಯೋ ಒಂದೇ ಇತ್ತಲ್ಲ.

ಮಧ್ಯಾಹ್ನದ್ದನ್ನು ಬೇಗ ದಾಟುತ್ತೇನೆ. ಮತ್ತೆ ಕಡಲ ವರದಿ, ಸುದ್ದಿ, ನಾಟಕ. ವಾರದಲ್ಲೊಮ್ಮೆ, 1947ರಿಂದ ನಡೆದುಬಂದ ತೋಟಗಾರರ ಪ್ರಶ್ನೋತ್ತರವೂ ಇದೆ. ಹಾಸ್ಯಕ್ಕೂ ಇಲ್ಲಿ ಜಾಗ ಉಂಟು. 1967ರ ಡಿಸೆಂಬರಿನಲ್ಲಿ ಶುರುವಾದ 'ಜಸ್ಟ್ ಎ ಮಿನಿಟ್' ಆಟದ ನಿಯಮ ಬಹಳ ಸರಳ. ಕೊಟ್ಟ ವಿಷಯದ ಮೇಲೆ ಒಂದು ನಿಮಿಷ ಮಾತಾಡಬೇಕು. ತಡವರಿಸಬಾರದು, ಹೇಳಿದ್ದನ್ನೇ ಹೇಳಬಾರದು, ವಿಷಯ ಬಿಡಬಾರದು. ಇಲ್ಲಿ ಬರುವ ಮುಂಚೆ ನಾನೂ ಕನ್ನಡಿಯ ಮುಂದೆ ಪ್ರಯತ್ನಿಸಿದೆ. ಹನ್ನೊಂದು ಸೆಕೆಂಡಿಗೆ ಔಟಾದೆ.

ಸಂಜೆ ಏಳಕ್ಕೆ 'ದಿ ಆರ್ಚರ್ಸ್'. ನಮ್ಮಲ್ಲಿ ಆಗ ರಾತ್ರಿ ಹನ್ನೆರಡೂವರೆ. ಆಂಬ್ರಿಜ್ ಎಂಬ ಕಾಲ್ಪನಿಕ ಹಳ್ಳಿಯ ರೈತ ಕುಟುಂಬದ ಧಾರಾವಾಹಿ ಇದು. 1950ರಲ್ಲಿ ಒಂದು ವಾರ ಪ್ರಯೋಗ ಮಾಡಿ, 1951ರ ಜನವರಿ 1ರಿಂದ ಇಡೀ ದೇಶಕ್ಕೆ ಪ್ರಸಾರ ಮಾಡಿದರು. ಇಪ್ಪತ್ತು ಸಾವಿರ ಕಂತು ದಾಟಿದೆ. ಹುಟ್ಟಿದ್ದು ಮನರಂಜನೆಗಲ್ಲ. ಯುದ್ಧ ಮುಗಿದರೂ ಅನ್ನಕ್ಕೆ ರೇಷನ್ನು, 1954ರವರೆಗೂ ಇತ್ತು. ರೈತರು ಹೊಸ ವಿಧಾನ ಕಲಿತು ಹೆಚ್ಚು ಬೆಳೆಯಬೇಕಿತ್ತು. ಬರ್ಮಿಂಗ್‌ಹ್ಯಾಮಿನಲ್ಲಿ ರೈತರನ್ನು ಸೇರಿಸಿ ಸಭೆ ಮಾಡಿದಾಗ ಹೆನ್ರಿ ಬರ್ಟ್ ಎಂಬ ರೈತರು ಎದ್ದುನಿಂತು, ನಮಗೂ ಒಬ್ಬ ಡಿಕ್ ಬಾರ್ಟನ್ ಬೇಕು ಎಂದರಂತೆ. ಡಿಕ್ ಬಾರ್ಟನ್ ಆಗಿನ ಪತ್ತೇದಾರಿ ಧಾರಾವಾಹಿಯ ನಾಯಕ. ನಿರ್ಮಾಪಕ ಗಾಡ್‌ಫ್ರಿ ಬೇಸ್ಲಿ ಆ ಮಾತನ್ನು ಹಿಡಿದುಕೊಂಡರು. ಗೊಬ್ಬರದ ಲೆಕ್ಕವನ್ನು ಅತ್ತೆ ಸೊಸೆಯರ ಮಾತಿನ ನಡುವೆ ಸೇರಿಸಿ ಕೊಟ್ಟರು. ನಮ್ಮ ಕೃಷಿರಂಗದ ಮಾತುಕತೆಗಳು ನಿಮಗೆ ನೆನಪಾಗಬಹುದು. ವ್ಯತ್ಯಾಸವೆಂದರೆ ಅವರ ಪಾತ್ರಗಳು ಮದುವೆಯಾದವು, ಜಗಳವಾಡಿದವು, ಸತ್ತವು.

ಸತ್ತದ್ದೆಂದರೆ ಬರೀ ಸಾವಲ್ಲ. 1955ರ ಸೆಪ್ಟೆಂಬರ್ 22ರಂದು ಬ್ರಿಟನ್ನಿನಲ್ಲಿ ಮೊದಲ ಖಾಸಗಿ ಟಿವಿ ಶುರುವಾಯಿತು. ಅದೇ ಸಂಜೆ ಆರ್ಚರ್ ಮನೆಯ ಹೊಸ ಸೊಸೆ ಗ್ರೇಸ್, ಉರಿಯುವ ಲಾಯದಿಂದ ಕುದುರೆಯನ್ನು ಬಿಡಿಸಲು ಹೋಗಿ ಸತ್ತಳು. ಮರುದಿನ ಪತ್ರಿಕೆಗಳ ತುಂಬ ಟಿವಿಯ ಬದಲು ಗ್ರೇಸ್. ಇಲ್ಲದ ಹಳ್ಳಿಯ ಇಲ್ಲದ ಹೆಣ್ಣಿಗಾಗಿ ದೇಶ ಅತ್ತಿತು. 2016ರಲ್ಲಿ ಇದೇ ಧಾರಾವಾಹಿ ಗಂಡನೊಬ್ಬ ಹೆಂಡತಿಯನ್ನು ಹಿಂಡುವ ಕಥೆಯನ್ನು ತಿಂಗಳುಗಟ್ಟಲೆ ನಿಧಾನವಾಗಿ ಹೇಳಿತು. ಆಗ ಕೇಳುಗರು ತಾವೇ ಹಣ ಎತ್ತಿದರು. ಕೌಟುಂಬಿಕ ಹಿಂಸೆಗೆ ಸಿಕ್ಕ ಮಹಿಳೆಯರಿಗಾಗಿ ದುಡಿಯುವ 'ರೆಫ್ಯೂಜ್' ಸಂಸ್ಥೆಗೆ ಒಂದು ಲಕ್ಷ ಪೌಂಡಿಗೂ ಹೆಚ್ಚು ಸೇರಿತು. ಹಾಲಿನ ದರ ಕೇಳಲು ಕಿವಿಗೊಟ್ಟವರು ಪಕ್ಕದ ಮನೆಯ ಗೋಡೆಯಾಚೆಯ ಅಳುವನ್ನು ಕೇಳಿಸಿಕೊಂಡ ಹಾಗಾಯಿತು.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಮಾತು. ಇದು ಎಲ್ಲರ ರೇಡಿಯೋ ಅಲ್ಲ. 2024ರಲ್ಲಿ ವಾರಕ್ಕೆ ಸುಮಾರು 90 ಲಕ್ಷ ಜನ ಕೇಳುತ್ತಿದ್ದರೂ ಕೇಳುಗರ ಸರಾಸರಿ ವಯಸ್ಸು ಐವತ್ತು ದಾಟಿದೆ. ಓದಿದವರ, ಉಳ್ಳವರ ಮನೆಯ ದನಿ ಎಂಬ ದೂರು ಹಳೆಯದು. ವಲಸೆ ಬಂದ ಭಾರತೀಯರ ಮಕ್ಕಳ ಹಾಸ್ಯ 'ಗುಡ್‌ನೆಸ್ ಗ್ರೇಷಿಯಸ್ ಮಿ' ಇಲ್ಲಿ ಕೇಳಿಬಂದದ್ದು 1996ರಲ್ಲಿ, ಅಷ್ಟು ತಡವಾಗಿ. ಟಿವಿ ಇರುವ ಮನೆಗಳು ಕಟ್ಟುವ ಪರವಾನಗಿ ಶುಲ್ಕದಿಂದ ಇದು ನಡೆಯುವುದರಿಂದ, ನಮಗೇಕೆ ಇದರ ಖರ್ಚು ಎಂದು ಕೇಳುವವರೂ ಇದ್ದಾರೆ. ನಮ್ಮಲ್ಲೂ ಒಂದು ಕಾಲಕ್ಕೆ ಅಂಚೆ ಕಚೇರಿಗೆ ಹೋಗಿ ರೇಡಿಯೋ ಲೈಸೆನ್ಸಿಗೆ ದುಡ್ಡು ಕಟ್ಟಬೇಕಿತ್ತೆಂದು ಹಿರಿಯರಿಗೆ ನೆನಪಿರಬಹುದು. ಅಜ್ಜನ ಆ ಪುಸ್ತಕ ಇನ್ನೂ ನಾಗಂದಿಗೆಯ ಮೇಲಿದೆ.

ಆದರೆ ಈ ಕೇಳುಗರು ತಮ್ಮ ರೇಡಿಯೋಗಾಗಿ ಜಗಳವಾಡುವುದನ್ನು ನೋಡಬೇಕು. 1990ರ ದಶಕದ ಆರಂಭದಲ್ಲಿ ಅದರ ಲಾಂಗ್ ವೇವ್ ತರಂಗವನ್ನು ಬರೀ ಸುದ್ದಿಗೆ ಕೊಡಲು ಹೊರಟಾಗ ಲಂಡನ್ನಿನಲ್ಲಿ ಮೆರವಣಿಗೆ ನಡೆಯಿತು. ಘೋಷಣೆಯ ಕೊನೆಗೆ 'ದಯವಿಟ್ಟು' ಎಂದು ಸೇರಿಸಿ ಕೂಗಿದರೆಂದು ಈಗಲೂ ನಗುತ್ತಾ ಹೇಳುತ್ತಾರೆ. ಯೋಜನೆ ಬಿದ್ದುಹೋಯಿತು. 1995ರಲ್ಲಿ ರಾತ್ರಿಯ ಕಡಲ ವರದಿಯನ್ನು ಹನ್ನೆರಡು ನಿಮಿಷ, ಬರೀ ಹನ್ನೆರಡು ನಿಮಿಷ, ಮುಂದೆ ಹಾಕಲು ನೋಡಿದರು. ಪತ್ರಿಕೆಗಳು ಸಂಪಾದಕೀಯ ಬರೆದವು, ಸಂಸತ್ತಿನಲ್ಲಿ ಚರ್ಚೆಯಾಯಿತು. ಅದೂ ಬಿದ್ದುಹೋಯಿತು. ಜಗಳವಾಡಿದವರಲ್ಲಿ ನಾವಿಕರು ಎಷ್ಟು ಮಂದಿಯೋ. ಹೆಚ್ಚಿನವರು ಹಾಸಿಗೆಯಲ್ಲಿ ಮಲಗಿ, ಕಿಟಕಿಗೆ ಮಳೆ ಬಡಿಯುವಾಗ, ದೂರದ ಕಡಲಲ್ಲಿ ಯಾರೋ ಎಚ್ಚರವಾಗಿದ್ದಾರೆ ಎಂದುಕೊಂಡು ನಿದ್ದೆ ಹೋಗುವವರು. ಪ್ರಧಾನಿಯ ಗುಪ್ತ ಪತ್ರ ಇಟ್ಟುಕೊಂಡಿರುವ ಅಣ್ವಸ್ತ್ರ ಜಲಾಂತರ್ಗಾಮಿಗಳ ನಾಯಕರು, ದೇಶ ಉಳಿದಿದೆಯೋ ಇಲ್ಲವೋ ಎಂದು ತಿಳಿಯಲು ಮಾಡುವ ಪರೀಕ್ಷೆಗಳಲ್ಲಿ ರೇಡಿಯೋ 4 ಬರುತ್ತಿದೆಯೇ ಎಂಬುದೂ ಒಂದು ಎಂದು ಇತಿಹಾಸಕಾರ ಪೀಟರ್ ಹೆನ್ನೆಸಿ ಹೇಳಿದ್ದಾರೆ.

ಜಗಳ ಗೆಲ್ಲುವ ಕಾಲ ಮುಗಿದಂತೆ ಕಾಣುತ್ತದೆ. 2024ರ ಏಪ್ರಿಲ್‌ನಿಂದ ಲಾಂಗ್ ವೇವ್‌ನ ಪ್ರತ್ಯೇಕ ಕಾರ್ಯಕ್ರಮಗಳು ನಿಂತವು. ಕಡಲ ವರದಿ ದಿನಕ್ಕೆ ನಾಲ್ಕಿದ್ದದ್ದು ಮೂರಾಯಿತು. ಈ ಸಲ ದೊಡ್ಡ ಮೆರವಣಿಗೆ ನಡೆಯಲಿಲ್ಲ. ಹಡಗುಗಳಿಗೆ ಉಪಗ್ರಹ ಇದೆ. ಮನೆಯವರಿಗೆ ಮೊಬೈಲ್ ಇದೆ. ತೋಟದ ಕಾರ್ಯಕ್ರಮ ಬೇಕಾದವರು ಅದನ್ನಷ್ಟೇ ಕೇಳುತ್ತಾರೆ, ಹಾಸ್ಯ ಬೇಕಾದವರು ಅದನ್ನಷ್ಟೇ. ನಾನೇನು ಬೇರೆ ಅಲ್ಲ. ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗ ಬ್ರಾಗ್ ಅವರ ಹಳೆಯ ಕಂತುಗಳನ್ನು ಹುಡುಕಿ ಹುಡುಕಿ ಕೇಳಿದವನು ನಾನು. ಆ ಅನುಕೂಲ ಇಲ್ಲದಿದ್ದರೆ ನನ್ನಂಥವನಿಗೆ ಇದೆಲ್ಲ ಕೈಗೆಟುಕುತ್ತಲೇ ಇರಲಿಲ್ಲ. ಆದರೆ ಹಾಗೆ ಹುಡುಕಿ ಕೇಳುವಾಗ ನಾನು ಒಮ್ಮೆಯೂ ಕಡಲ ವರದಿಯನ್ನು ಹುಡುಕಿರಲಿಲ್ಲ. ಏಕೆ ಹುಡುಕಲಿ? ನನ್ನ ಬಳಿ ದೋಣಿ ಇಲ್ಲ. ಇಡೀ ದಿನ ಬಿಡದೆ ಕೇಳಿದ ಆ ಒಂದು ದಿನವೇ ಅದು ಕಿವಿಗೆ ಬಿದ್ದದ್ದು.

ಹಾಗೆ ನೋಡಿದರೆ ಈ ಬಗೆಯ ರೇಡಿಯೋ ನಮಗೆ ಹೊರಗಿನದಲ್ಲ. ಲಂಡನ್ನಿನಲ್ಲಿ ಮನಃಶಾಸ್ತ್ರ ಓದಿಬಂದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ 'ಆಕಾಶವಾಣಿ' ಶುರುಮಾಡಿದ್ದು ನಿಮಗೆ ಗೊತ್ತು. ಆಮೇಲೆ ಬಂದ ನಮ್ಮ ನಿಲಯಗಳೂ ಒಂದೇ ದಿನದಲ್ಲಿ ಚಿಂತನ, ರೈತರಿಗೆ ಸಲಹೆ, ವನಿತೆಯರಿಗೆ, ಮಕ್ಕಳಿಗೆ, ನಾಟಕ ಎಂದು ಸಾಲಾಗಿ ಕೊಟ್ಟವು. ಭದ್ರಾವತಿ ನಿಲಯ ಹಾಕಿದರೆ ಮನೆಯವರೆಲ್ಲರಿಗೂ ಒಂದೊಂದು ಪಾಲು, ಜೊತೆಗೆ ಉಳಿದವರ ಪಾಲೂ ಕಿವಿಗೆ. ಅಜ್ಜಿಗೆ ಯೂರಿಯಾದ ಲೆಕ್ಕ ಗೊತ್ತಿದ್ದದ್ದು, ಅಜ್ಜನಿಗೆ ಮಗುವಿಗೆ ಯಾವ ತಿಂಗಳು ಯಾವ ಚುಚ್ಚುಮದ್ದು ಎಂದು ಗೊತ್ತಿದ್ದದ್ದು ಹಾಗೆಯೇ.

ಅಪ್ಪ ಈಗ ಮೊಬೈಲಿನಲ್ಲಿ ನಮ್ಮೂರಿನ ಮಳೆಯನ್ನಷ್ಟೇ ನೋಡುತ್ತಾರೆ. ಗಂಟೆಗಂಟೆಗೂ ತೋರಿಸುತ್ತದೆ, ಅಜ್ಜನ ಅಂದಾಜಿಗಿಂತ ಸರಿಯಾಗಿಯೇ ಇರುತ್ತದೆ. ಕೊನೆಗೌಡನೂ ತನ್ನ ಮೊಬೈಲು ನೋಡಿಕೊಂಡೇ ಬರುತ್ತಾನೆ. ಹೋದ ಮಳೆಗಾಲದಲ್ಲಿ ಔಷಧಿ ಹೊಡೆಯುವ ದಿನ ಗೊತ್ತುಮಾಡುತ್ತಿದ್ದಾಗ ನಾನು, "ಸಮುದ್ರದ ಕಡೆ ಹ್ಯಾಂಗಿದ್ಯಂತೆ?" ಎಂದು ಕೇಳಿದೆ. ಅಪ್ಪ ತಲೆ ಎತ್ತಿ, "ಸಮುದ್ರದ್ದು ನಮಗೆಂತಕ್ಕೆ?" ಅಂದರು.

ನನ್ನ ರೇಡಿಯೋ ದಿನದ ಕೊನೆಯನ್ನು ಹೇಳಿ ಮುಗಿಸುತ್ತೇನೆ. ಅಲ್ಲಿ ರಾತ್ರಿ ಹನ್ನೆರಡು ದಾಟಿತ್ತು. ರೊನಾಲ್ಡ್ ಬಿಂಜ್ ಅವರ 'ಸೇಲಿಂಗ್ ಬೈ' ಎಂಬ ತೂಗುವ ವಾದ್ಯಸಂಗೀತ ಬಂತು. 12.48ಕ್ಕೆ ಕಡಲ ವರದಿ. ಹಗಲಿನ ವರದಿಗಳಲ್ಲಿ ಸಾಮಾನ್ಯವಾಗಿ ಬರದ ಟ್ರಫಾಲ್ಗರ್ ಎಂಬ ಹೆಸರು ಈ ಹೊತ್ತಿಗೆ ಬರುತ್ತದೆ, ಬಂತು. ಫಿಟ್ಜ್‌ರಾಯ್ ಬಂದರು. ಬಳಿಕ ರಾಷ್ಟ್ರಗೀತೆ. ನಮ್ಮ ಗಡಿಯಾರದಲ್ಲಿ ಆಗ ಬೆಳಿಗ್ಗೆ ಆರೂವರೆ. ಕಿವಿಯಿಂದ ಇಯರ್‌ಫೋನ್ ತೆಗೆದೆ. ಅಜ್ಜಿ ಎದ್ದು ಒಲೆ ಹೊತ್ತಿಸಿದ್ದರು. ರಾತ್ರಿಯಿಡೀ ಯಾರ ಹತ್ತಿರ ಮಾತಾಡ್ತಿದ್ದೆ ಎಂದು ಕೇಳಿದರು. ರೇಡಿಯೋ ಕೇಳ್ತಿದ್ದೆ ಅಂದೆ.

"ಮೀನುಗಾರ್ರದ್ದು ಬಂತನಾ?" ಅಂದರು.